ಹನ್ನೊಂದನೆಯ ಪ್ರಶ್ನೆ

ಎರೆಕಟ್ಟೆಯ ಗೋಣೆಪ್ಪ ಬಿ.ಎ. ಓದಿದ, ಅದರಲ್ಲೂ ಸಮಾಜಶಾಸ್ತ್ರ ಓದಿದ. ಅದನ್ನೇ ಓದು ಎಂದು ಅವನ ಕಿವಿಯಲ್ಲಿ ಊದಿದವರು ಯಾರು ಅಂತ ಊರಿನವರು ಬಹಳ ದಿನ ತಲೆ ಕೆಡಿಸಿಕೊಂಡರು. ಯಾರೂ ಊದಿರಲಿಲ್ಲ. ೧೯೪೨ರಲ್ಲಿ ಅವನು ಸೇರಿದ ಕಾಲೇಜು ಎಷ್ಟು ಸಣ್ಣದೆಂದರೆ, ಗಂಟೆ ಹೊಡೆಯುವ ಜವಾನನೇ ಪುಸ್ತಕದ ಕೋಣೆಯ ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಗಣಿತ ಗೋಣೆಪ್ಪನ ತಲೆಗೆ ಹತ್ತುತ್ತಿರಲಿಲ್ಲ. ಸಂಸ್ಕೃತದ ಗಂಧ ಮೊದಲೇ ಇಲ್ಲ. ಉಳಿದದ್ದರಲ್ಲಿ ಇದೊಂದು ಇತ್ತು, ತೆಗೆದುಕೊಂಡ. ತರಗತಿಯಲ್ಲಿ ಒಟ್ಟು ಆರು ಜನ ಹುಡುಗರು.

ಅವನಿಗೆ ತಂದೆ ತಾಯಿ ಇರಲಿಲ್ಲ. ಪ್ಲೇಗಿನಲ್ಲಿ ಇಬ್ಬರೂ ಒಂದೇ ವಾರದಲ್ಲಿ ಹೋದಾಗ ಅವನಿಗೆ ಏಳು ವರ್ಷ. ತಾಯಿಯ ಅಕ್ಕ ಸಾವಂತ್ರಮ್ಮ, ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು, ಅವನನ್ನು ಕೈಹಿಡಿದು ಕರೆದುಕೊಂಡು ಬಂದು ಸಾಕಿದಳು. ಅವನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದ, ಅವಳು ಇವನನ್ನು ತಮ್ಮ ಎನ್ನುತ್ತಿದ್ದಳು. ಕಾಲೇಜಿನ ಊರಿನಲ್ಲಿ ಉಚಿತ ಪ್ರಸಾದ ನಿಲಯವೇನೋ ಇತ್ತು, ಆದರೆ ಯುದ್ಧದ ಕಾಲ, ಅಲ್ಲಿಯ ಊಟ ಹಲ್ಲಿನ ಸಂದಿಗೂ ಸಾಲದು. ಅದಕ್ಕೆ ಸಾವಂತ್ರಮ್ಮ ಒಣಗಿಸಿದ ಜೋಳದ ರೊಟ್ಟಿಯನ್ನು ಗಂಟು ಕಟ್ಟಿ ನ್ಯಾಮತಿ ಸಂತೆಗೆ ಹೋಗುವ ಗಾಡಿಯವರ ಕೈಗೆ ಕೊಡುವಳು, ಅಲ್ಲಿಂದ ಅದು ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುವ ಇದ್ದಿಲ ಬಸ್ಸು ಹತ್ತಿ ಬರುವುದು. ಗಂಟು ಬಿಚ್ಚಿದರೆ ಪಕ್ಕದ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಅದು ಹಗೇವಿನ ವಾಸನೆ. ನೆಲದೊಳಗೆ ದೊಡ್ಡ ಗಡಿಗೆಯಂತೆ ಗುಂಡಿ ತೋಡಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ಅದೇ ಹಗೇವು. ಕಾಳಿಗೆ ಹುಳ ಬೀಳುವುದಿಲ್ಲ, ವರ್ಷಗಟ್ಟಲೆ ಇರುತ್ತದೆ, ಆದರೆ ಒಂದು ಮುಗ್ಗಲು ವಾಸನೆ ಹತ್ತುತ್ತದೆ. ಎಷ್ಟು ತೊಳೆದು ಒಣಗಿಸಿ ಬೀಸಿದರೂ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಆ ವಾಸನೆ ಮತ್ತೆ ಏಳುತ್ತದೆ. ಅದನ್ನೇ ತಿಂದು ಬೆಳೆದವರಿಗೆ ಅದಿಲ್ಲದ ರೊಟ್ಟಿ ರುಚಿಸದು. ಸಾವಂತ್ರಮ್ಮನ ಹಗೇವು ಮನೆಯೊಳಗೆ, ಎತ್ತು ಕಟ್ಟುವ ಗೋದಲಿಯ ಕೆಳಗಿತ್ತು. ಗಂಡ ಇದ್ದಾಗ ತಾನೇ ತೋಡಿದ್ದು. ಗೋಣೆಪ್ಪ ಹನ್ನೆರಡು ವರ್ಷದವನಿದ್ದಾಗ, ಕಾಳು ತೆಗೆಯಲೆಂದು ಅವಳು ಮೊದಲು ದೀಪ ಇಳಿಸಿ, ಒಳಗಿನ ಕೆಟ್ಟ ಗಾಳಿಗೆ ಅದು ಆರದಿದ್ದದ್ದು ನೋಡಿ, ಆಮೇಲೆ ಇವನನ್ನು ಹಗ್ಗ ಕಟ್ಟಿ ಇಳಿಸಿದ್ದಳು. ಅಲ್ಲಿ ಹಗೇವು ಇರುವುದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಯುದ್ಧದ ಜೊತೆಗೆ ಲೆವಿಯೂ ಬಂತು. ಮನೆಯಲ್ಲಿ ಎಷ್ಟು ಬಾಯಿ ಇದೆಯೋ ಅಷ್ಟಕ್ಕೆ ತಕ್ಕ ಕಾಳು ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಸರ್ಕಾರಕ್ಕೆ ಅಳೆಯಿರಿ ಎಂದು ಹುಕುಂ ಆಯಿತು. ಹೊನ್ನಾಳಿಯಿಂದ ಕಂದಾಯದ ಶೇಕದಾರರು ಕಬ್ಬಿಣದ ಸರಳು ಹಿಡಿದ ಆಳುಗಳೊಂದಿಗೆ ಬರುವರು, ಅಂಗಳವನ್ನು ಕುಟ್ಟಿ ಕುಟ್ಟಿ ಟೊಳ್ಳು ಸದ್ದಿಗೆ ಕಿವಿಗೊಡುವರು. ಊರಿನಲ್ಲಿ ಹೊಸ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವ ಕಾಲ. ಸರಿಯಾಗಿ ಅಂಥ ಕಾಲದಲ್ಲಿ, ೧೯೪೪ರ ದಸರಾ ರಜೆಗೆ, ನಮ್ಮ ಗೋಣೆಪ್ಪ ಮೂವತ್ತು ಅಚ್ಚಾದ ಹಾಳೆ ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಬಂದ.

ಹಾಳೆ ಕೊಟ್ಟವರು ಪಾಠ ಹೇಳುವ ಷಣ್ಮುಖಪ್ಪ ಮೇಷ್ಟ್ರು. "ಎಲ್ಲೋ ದ್ವೀಪದ ಜನರ ಮದುವೆ ನಿಮಗೆ ಬಾಯಿಪಾಠ, ನಿಮ್ಮ ಬೀದಿಯದು ಗೊತ್ತಿಲ್ಲ. ಮೂವತ್ತು ಮನೆ ತಿರುಗಿ ಬರೆದುಕೊಂಡು ಬನ್ನಿ. ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ," ಎಂದಿದ್ದರು. ಹಾಳೆಯಲ್ಲಿ ಹದಿನಾರು ಪ್ರಶ್ನೆಗಳು. ಮನೆಯಲ್ಲಿ ಎಷ್ಟು ಜನ, ಸೊಸೆಯಂದಿರನ್ನು ಯಾವ ಊರಿಂದ ತಂದದ್ದು, ಇಂಥವೆಲ್ಲ. ಹನ್ನೊಂದನೆಯದು ಹೀಗಿತ್ತು: ವರ್ಷದ ಕಾಳನ್ನು ಎಲ್ಲಿ, ಎಷ್ಟು ಕೂಡಿಡುತ್ತೀರಿ?

ಅಯ್ಯೋ ಮೇಷ್ಟ್ರೇ, ಆ ಒಂದು ಪ್ರಶ್ನೆಯನ್ನು ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮೊದಲ ದಿನವೇ ಊರು ಎರಡು ಪಂಗಡವಾಯಿತು. ಇವನು ಲೆವಿಯವರ ಕಡೆಯಿಂದ ಬಂದಿದ್ದಾನೆ ಎಂದು ಕೆಲವರು, ಪಲ್ಟನ್ನಿಗೆ ಆಳು ಹಿಡಿಯಲು ಬಂದಿದ್ದಾನೆ ಎಂದು ಕೆಲವರು. ಲೆವಿ ಎಂದುಕೊಂಡವರು ಬಾಯಿಗಳನ್ನು ಹೆಚ್ಚಿಸಿ ಹೇಳಿದರು, ಪಲ್ಟನ್ ಎಂದುಕೊಂಡವರು ಗಂಡುಮಕ್ಕಳನ್ನೇ ಮುಚ್ಚಿಟ್ಟರು. ಒಂದು ಮನೆಯಲ್ಲಿ ಅಪ್ಪ ಹನ್ನೊಂದು ಜನ ಎಂದ, ಹಿಂದೆಯೇ ಬಂದ ಮಗ ಮೂವರೇ ಎಂದ, ಇಬ್ಬರೂ ಅಲ್ಲಿಯೇ ಜಗಳಕ್ಕೆ ನಿಂತರು. ಹನ್ನೊಂದನೆಯ ಪ್ರಶ್ನೆಗೆ ಮಾತ್ರ ಊರೆಲ್ಲ ಒಂದೇ ಬಾಯಿ. ಹಗೇವು ಇಲ್ಲ. ಇತ್ತು, ಮಳೆಗೆ ಕುಸಿದು ಹೋಯಿತು. ಗೋಣೆಪ್ಪ ಎಲ್ಲವನ್ನೂ ಬರೆದುಕೊಂಡ. ಬರೆಯುತ್ತ ಬರೆಯುತ್ತ ಅವನಿಗೂ ಎಲ್ಲರ ಮೇಲೆ ಅನುಮಾನ ಹತ್ತಿತು. ಯಾರಾದರೂ ನಕ್ಕರೆ ಯಾಕೆ ನಕ್ಕರು, ನೀರು ಕೊಟ್ಟರೆ ಯಾಕೆ ಕೊಟ್ಟರು ಎಂದು ಯೋಚಿಸುವ ಹಾಗಾದ.

ನಾಲ್ಕನೆಯ ದಿನ ಎದುರು ಮನೆಯ ಓಂಕಾರಪ್ಪನ ಜಗಲಿ ಹತ್ತಿದ. ಓಂಕಾರಪ್ಪ ಮತ್ತು ತಮ್ಮ ನಾಗರಾಜಪ್ಪ ಒಟ್ಟಿಗೇ ಇದ್ದ ದೊಡ್ಡ ಮನೆ ಅದು, ಆದರೆ ಪಾಲಿನ ಮಾತು ಶುರುವಾಗಿ ಅಣ್ಣ ತಮ್ಮಂದಿರು ಬೆನ್ನು ತಿರುಗಿಸಿ ಕೂರುತ್ತಿದ್ದರು.

"ಎಷ್ಟು ಜನ ಮಾವ?"

"ಹದಿಮೂರು ಬರ್ಕ."

"ನಾನು ಕಂಡಂಗೆ ಹತ್ತೇ ಅಲ್ವ?"

"ಇನ್ನು ಮೂರು ಹುಟ್ಟೋದೈತೆ," ಎಂದ ಓಂಕಾರಪ್ಪ, ನಗದೆ.

"ಕಾಳು?"

"ಕಾಳು ಎಲ್ಲಿಂದ ಬರ್ಬೇಕಪ್ಪ? ವಾರಕ್ಕೊಂದ್ಸಲ ನ್ಯಾಮತಿ ಸಂತಿಂದ ತರ್ತೀವಿ, ತಿಂತೀವಿ. ಇದ್ಯಾಕೆ ಬೇಕು ನಿನಗೆ? ಓದಾಕೆ ಕಳಿಸಿದ್ರೆ ಮನೆ ಮನೆ ಒಲಿ ಎಣಿಸಾಕೆ ಬಂದೀಯ?"

ಮಾತು ಹೀಗಿದ್ದರೂ ಊಟದ ಹೊತ್ತಿಗೆ ಬಂದವನನ್ನು ಹಾಗೇ ಕಳಿಸುವ ಮನೆಯಲ್ಲ. ರೊಟ್ಟಿ, ಹಿಂಡಿ ಬಂತು. ಗೋಣೆಪ್ಪ ರೊಟ್ಟಿ ಮುರಿದ. ಆವಿ ಮೂಗಿಗೆ ಬಡಿಯಿತು. ತಿಂದು ಕೈ ತೊಳೆದು ಸುಮ್ಮನೆ ಎದ್ದು ಬರುವುದು ಬಿಟ್ಟು, ನಾಲ್ಕು ಪುಸ್ತಕ ಓದಿದ ಪಿತ್ತ ನೆತ್ತಿಗೇರಿ, ನಗುತ್ತ ಅಂದುಬಿಟ್ಟ: "ಮಾವ, ಇದು ಸಂತೆ ಜೋಳ ಅಲ್ಲ. ಹಗೇವಿಂದು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಆ ಸದ್ದು ನಿಂತಾಗಲೇ ಗೋಣೆಪ್ಪ ನಾಲಗೆ ಕಚ್ಚಿಕೊಂಡ.

ಮಾರನೆಯ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಇವನು ಊಟದ ಹೊತ್ತಿಗೆ ಯಾವ ಮನೆಗೆ ಹೋದರೂ ಬಿಸಿ ಅನ್ನ. ಹಬ್ಬಕ್ಕೆಂದು ಎತ್ತಿಟ್ಟ ಅಕ್ಕಿ ತೆಗೆದು, ಗೋಣೆಪ್ಪನಿಗೆ ಅನ್ನ. ಆ ಕಡೆ ಅನ್ನವೆಂದರೆ ಬೀಗರು ಬಂದಾಗ ಮಾಡುವ ಊಟ. ಇವನು ಹಿರಿಹಿರಿ ಹಿಗ್ಗಿದ. ಓದಿದವನೆಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡ. ಸಾಲದ್ದಕ್ಕೆ ನೋಟ್‌ಪುಸ್ತಕದಲ್ಲಿ, "ಈ ಊರಿನವರು ವಿದ್ಯಾವಂತರಿಗೆ ಅನ್ನವನ್ನೇ ಬಡಿಸುವ ಪದ್ಧತಿ ಇದೆ" ಎಂದು ಬರೆದುಕೊಂಡ. ಎಂಥ ಶಾಸ್ತ್ರಿ ನೋಡಿ!

ಎಂಟು ದಿನಕ್ಕೆ ಇಪ್ಪತ್ತೊಂಬತ್ತು ಹಾಳೆ ತುಂಬಿದವು. ಉಳಿದದ್ದು ತನ್ನದೇ ಮನೆ. ಸಂಜೆ ಗೋದಲಿಯ ಪಕ್ಕದಲ್ಲಿ ಕೂತು ಅದನ್ನೂ ಬರೆದ. ಸಾವಂತ್ರಮ್ಮ ಅಲ್ಲಿಯೇ ಅವರೆ ಬಿಡಿಸುತ್ತಿದ್ದಳು. ಹನ್ನೊಂದನೆಯ ಪ್ರಶ್ನೆಗೆ ಬಂದಾಗ ಅವನ ಕೈ ತಡೆಯಿತು. ಇಪ್ಪತ್ತೊಂಬತ್ತು ಸುಳ್ಳು ಕೈಯಲ್ಲಿವೆ, ಒಂದು ಮನೆಯದಾದರೂ ನಿಜ ಇರಲಿ ಅನ್ನಿಸಿತು. "ಹಗೇವು ಒಂದು, ಗೋದಲಿಯ ಕೆಳಗೆ, ಸುಮಾರು ಹದಿನೈದು ಚೀಲ," ಎಂದು ಬರೆದ. ಬರೆದು ಹಾಳೆ ಮಡಿಚಿದ.

ಮಾರನೆಯ ಬೆಳಿಗ್ಗೆ ಶೇಕದಾರರು ಬಂದರು. ಅಲ್ಲಿ ಇಲ್ಲಿ ಕುಟ್ಟಲಿಲ್ಲ. ನೆಟ್ಟಗೆ ಓಂಕಾರಪ್ಪನ ಹಿತ್ತಿಲಿಗೆ ನಡೆದು, ಬಣವೆ ಸರಿಸಿ, ಚಪ್ಪಡಿ ಎತ್ತಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಗಾಡಿ ಜೋಳ ಹೊನ್ನಾಳಿ ದಾರಿ ಹಿಡಿಯಿತು. ಊರೆಲ್ಲ ನಿಂತು ಗಾಡಿಗಳನ್ನು ನೋಡಿತು, ಆಮೇಲೆ ಗೋಣೆಪ್ಪನನ್ನು ನೋಡಿತು. ಯಾರೂ ಬೈಯಲಿಲ್ಲ. ಓಂಕಾರಪ್ಪ ಹತ್ತಿರ ಬಂದು, "ಮೂಗು ಚೆನ್ನಾಗೈತಪ್ಪ ನಿಂದು," ಎಂದು ಹೇಳಿ ಒಳಗೆ ಹೋದ.

ತಾನು ಹೇಳಿಲ್ಲ ಎಂಬುದು ಗೋಣೆಪ್ಪನಿಗೆ ಗೊತ್ತು. ಹಾಗಾದರೆ ಯಾರು? ಜಗಲಿಯ ಮೇಲೆ ತಾನು ಅಂದ ಮಾತು ಯಾರ ಕಿವಿಗಾದರೂ ಬಿದ್ದಿತೇ? ಶಾನುಭೋಗರು ಮೊನ್ನೆ ನಿನ್ನ ಅಕ್ಷರ ನೋಡೋಣ ಎಂದು ಎರಡು ಹಾಳೆ ತಿರುವಿಹಾಕಿದ್ದರು, ಅವರೇ? ಅಥವಾ ಈ ಪ್ರಶ್ನೆಗಳನ್ನು ಮೇಷ್ಟ್ರಿಗೆ ಕೊಟ್ಟವರು ಬೇರೆ ಯಾರಾದರೂ ಇದ್ದಾರೆಯೇ? ಯೋಚಿಸಿದಷ್ಟೂ ಎಲ್ಲರೂ ಕಳ್ಳರಂತೆ ಕಂಡರು.

ಮನೆಗೆ ಬಂದರೆ ಸಾವಂತ್ರಮ್ಮ ನಡುಮನೆಯಲ್ಲಿ ಕಾಯುತ್ತಿದ್ದಳು.

"ತಮ್ಮ, ನಮ್ಮನಿ ಕಾಗದ ತೆಗಿ."

ತೆಗೆದ.

"ನನಗೆ ಓದಾಕೆ ಬರಲ್ಲ. ಏನು ಬರ್ದೀಯ, ಒಂದಕ್ಷರ ಬಿಡದಂಗೆ ಓದು."

ಗೋಣೆಪ್ಪ ಓದಿದ. ಒಬ್ಬಳು ಹೆಂಗಸು, ಒಬ್ಬ ಮಗ, ಎತ್ತು ಎರಡು, ಆಕಳು ಒಂದು. ಹನ್ನೊಂದನೆಯದು ಬಂತು. "ಹಗೇವು ಇಲ್ಲ," ಎಂದ.

"ಆತು, ಮಡಚಿ ಇಡು," ಎಂದಳು ಸಾವಂತ್ರಮ್ಮ. ಆ ಹಾಳೆಯನ್ನು ಹರಿದು ಒಲೆಗೆ ಹಾಕಲು ಅವನಿಗೆ ಇಡೀ ಒಂದು ದಿನ ಇತ್ತು. ಹಾಕಲಿಲ್ಲ. ಮೂವತ್ತಾಗದಿದ್ದರೆ ಪರೀಕ್ಷೆ ಇಲ್ಲವಲ್ಲ. ಇಪ್ಪತ್ತೊಂಬತ್ತು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಬರೆದು ಮೂವತ್ತು ಮಾಡಬಹುದಿತ್ತು, ಅದಕ್ಕೂ ಅವನ ಒಣ ಪ್ರತಿಷ್ಠೆ ಒಪ್ಪಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದ.

ಮೇಷ್ಟ್ರು ಹಾಳೆಗಳನ್ನು ನೋಡಿ ಬಹಳ ಮೆಚ್ಚಿದರು, ಅನ್ನದ ಪದ್ಧತಿಯನ್ನು ತರಗತಿಯಲ್ಲಿ ಎರಡು ಸಲ ಓದಿಸಿದರು. ಆಮೇಲೆ ಹಾಳೆಗಳು ಅವರ ಬೀರು ಸೇರಿದವು, ಮತ್ತೆ ಯಾರೂ ಮುಟ್ಟಲಿಲ್ಲ. ಸಾವಂತ್ರಮ್ಮನ ಹಗೇವನ್ನು ಯಾವ ಶೇಕದಾರನೂ ಕುಟ್ಟಲಿಲ್ಲ. ಆದರೆ ಆ ದಸರಾದಿಂದ ರೊಟ್ಟಿಯ ಗಂಟು ಬರುವುದು ನಿಂತಿತು. ಇದ್ದಿಲ ಬಸ್ಸು ಸರಿಯಾಗಿ ಓಡುತ್ತಿಲ್ಲ, ಅದಕ್ಕೇ ಇರಬೇಕು ಎಂದುಕೊಂಡ ಗೋಣೆಪ್ಪ.

೧೯೪೫ರಲ್ಲಿ ಬಿ.ಎ. ಮುಗಿದು, ಜಗಳೂರಿನಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರ ಕೆಲಸ ಸಿಕ್ಕಿತು. ರಜೆಗೆ ಊರಿಗೆ ಬಂದರೆ ಈಗಲೂ ಎಲ್ಲರ ಮನೆಯಲ್ಲೂ ಅನ್ನ. ರೊಟ್ಟಿ ಇಟ್ಟರೆ ಇವನ ಮೂಗು ಹಗೇವು ಹಿಡಿದೀತೆಂಬ ಭಯ ಅದು ಎಂದು ಅವನಿಗೆ ತಡವಾಗಿಯಾದರೂ ತಿಳಿದಿತ್ತು. ದೊಡ್ಡವ್ವನೂ ಅನ್ನವನ್ನೇ ಇಡುತ್ತಿದ್ದಳು. ಅವಳದು ಬೇರೆ ಮಾತು, ನೌಕರಿ ಮಾಡುವ ಮಗ ಬಂದನೆಂಬ ಸಂಭ್ರಮ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಊರು ಏನಾದರೂ ಅಂದುಕೊಳ್ಳಲಿ, ದೊಡ್ಡವ್ವ ತನ್ನನ್ನು ನಂಬಿದ್ದಾಳೆ ಎಂಬುದೊಂದೇ ಅವನಿಗೆ ಉಳಿದಿದ್ದ ಗಟ್ಟಿ ನೆಲ.

೧೯೪೮ರ ಬೇಸಿಗೆಯಲ್ಲಿ ಚನ್ನಗಿರಿಯ ಒಂದು ಹೋಟೆಲಿನಲ್ಲಿ ನಾಗರಾಜಪ್ಪ ಸಿಕ್ಕ. ಪಾಲಾದ ಮೇಲೆ ಅವನು ಅಲ್ಲಿಗೇ ಬಂದು ನೆಲೆಸಿದ್ದ. ಕಾಫಿ ಕುಡಿಸಿ, ಲೋಟ ಕೆಳಗಿಟ್ಟು, ತಾನಾಗಿಯೇ ಹೇಳಿದ. "ನಿನ್ನ ಮ್ಯಾಲೆ ಅಪವಾದ ಬಂದಿದ್ದು ನಂಗೆ ಗೊತ್ತೈತೆ ಗೋಣೆಪ್ಪ. ಶೇಕದಾರರಿಗೆ ಮೂಗರ್ಜಿ ಹಾಕಿದ್ದು ನಾನು. ಪಾಲಿನ ಮಾತು ನಡೆದಾಗ ಅಣ್ಣ ಆ ಹಗೇವನ್ನ ಮುಚ್ಚಿಟ್ಟಿದ್ದ. ಸಿಟ್ಟು ತಡೀಲಿಲ್ಲ."

ಗೋಣೆಪ್ಪ ಮಾತಿಗೂ ನಿಲ್ಲದೆ ಎದ್ದ. ಸಿಕ್ಕ ಬಸ್ಸು, ಸಿಕ್ಕ ಗಾಡಿ ಹಿಡಿದು ಸಂಜೆಯೊಳಗೆ ಎರೆಕಟ್ಟೆ ಮುಟ್ಟಿದ. ಚಪ್ಪಲಿ ಬಿಡುತ್ತಲೇ, "ದೊಡ್ಡವ್ವ, ಅದು ನಾನಲ್ಲ. ನಾಗರಾಜಪ್ಪನೇ ಒಪ್ಕಂಡ," ಎಂದ.

"ನಂಗೆ ಗೊತ್ತಿತ್ತು," ಎಂದಳು ಸಾವಂತ್ರಮ್ಮ. "ಓಂಕಾರಪ್ಪನ ವಿಷಯದಾಗೆ ನಿನ್ನ ಮ್ಯಾಲೆ ನಂಗೆ ಒಂದಿನಾನೂ ಅನುಮಾನ ಬಂದಿಲ್ಲ. ಕೈಕಾಲು ತೊಳ್ಕ ಬಾ."

ಅವನ ಕಣ್ಣು ತುಂಬಿತು. ನಾಲ್ಕು ವರ್ಷದ ಹೊರೆ ಇಳಿದ ಹಾಗಾಗಿ, ಗೋದಲಿಗೆ ಎದುರಾಗಿ ಮೊದಲು ಕೂರುತ್ತಿದ್ದ ಜಾಗದಲ್ಲೇ ಚಕ್ಕಂಬಕ್ಕಲ ಹಾಕಿ ಕೂತ. ತಟ್ಟೆ ಬಂತು. ಅನ್ನ.

"ಇವತ್ತು ರೊಟ್ಟಿ ಹಾಕು ದೊಡ್ಡವ್ವ."

"ಅನ್ನ ಉಣ್ಣು."

"ಅನುಮಾನ ಇಲ್ಲ ಅಂದ್ಯಲ್ಲ?"

"ಓಂಕಾರಪ್ಪನ ವಿಷಯದಾಗೆ ಇಲ್ಲ ಅಂದೆ." ಸಾವಂತ್ರಮ್ಮ ಸಾರಿನ ಪಾತ್ರೆ ಅವನ ಪಕ್ಕಕ್ಕೆ ಸರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆವತ್ತು ಕಾಗದ ಓದು ಅಂದ್ನಲ್ಲ ತಮ್ಮ. ಎತ್ತು, ಆಕಳು ಅನ್ನೋತನಕ ಕಾಗದ ನೋಡ್ಕಂತ ಓದ್ದೆ. ಹಗೇವಿನ ಮಾತು ಬಂದಾಗ ಮಾತ್ರ ನನ್ನ ಮುಖ ನೋಡ್ದೆ."

ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ತನಗಾಗಿ ಹಂಚಿಗೆ ಒಂದು ರೊಟ್ಟಿ ಹಾಕಿದಳು. ಅದು ಉಬ್ಬಿದ್ದೇ ತಡ, ಹಗೇವಿನ ವಾಸನೆ ನಡುಮನೆಯ ತನಕ ಬಂತು. ಅವನು ತಲೆ ತಗ್ಗಿಸಿ ಅನ್ನ ಕಲಸಿಕೊಂಡ.