ಫಟಫಟಿಯ ಮುಚ್ಚಳದ ತೂತು

ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಒಂದು ತೂತಿರುತ್ತದೆ. ಗುಂಡುಸೂಜಿ ಹಿಡಿಸುವಷ್ಟು, ಅಷ್ಟೇ. ಆರು ವರ್ಷ ಆ ಮುಚ್ಚಳವನ್ನು ತೆಗೆದು ಮತ್ತೆ ಹಾಕುತ್ತಿದ್ದವನು ನಾನು. ಆ ತೂತು ಯಾಕಿದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮಾಡಿದವನ ಕೈತಪ್ಪು ಇರಬೇಕು ಅಂದುಕೊಂಡಿದ್ದೆ. ವಿಲಾಯತಿಯವರೂ ತಪ್ಪು ಮಾಡುತ್ತಾರಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಕಲಬುರ್ಗಿಯ ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರದ ಸಾಹುಕಾರರೊಬ್ಬರ ಹತ್ತಿರ ನಾನು ಕೆಲಸಕ್ಕಿದ್ದೆ. ಹಳ್ಳಿಗಳಿಗೆ ಹೋಗಿ ಬೆಳೆ ನೋಡಿ ಬರಲೆಂದು ಅವರು ಹೈದರಾಬಾದಿನಿಂದ ಒಂದು ಮೋಟಾರ್ ಸೈಕಲ್ ತರಿಸಿದ್ದರು. ಜನ ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಸಾಹುಕಾರರು ಹಿಂದೆ ಕೂತು ಧೋತರ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಓಡಿಸುವುದು, ಕೆಟ್ಟರೆ ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಕೆಸರಾಗಲಿ ಧೂಳಾಗಲಿ, ಆ ಎರೆಭೂಮಿಯ ಹಾದಿಗಳಲ್ಲಿ ಗಾಡಿಯನ್ನು ಎಲ್ಲಿಯೂ ನಿಲ್ಲಿಸದೆ ಒಯ್ಯುತ್ತೇನೆಂಬ ಹೆಸರು ಬಂದಿತ್ತು. ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಮುಖಕ್ಕೆ ಮಸಿ ಹತ್ತಿದ್ದರೂ ಅದನ್ನು ಒರೆಸಿಕೊಳ್ಳದೆ ಬಜಾರಿನಲ್ಲಿ ತಿರುಗುತ್ತಿದ್ದೆ, ನಾಲ್ಕು ಜನ ನೋಡಲಿ ಎಂದು.

ಕಲಬುರ್ಗಿಯ ಗಾಜಿಪುರ ಓಣಿಯ ನಮ್ಮ ಮನೆಗೆ ಆ ವರ್ಷ ದಸರೆಗೆ ಅಕ್ಕ ಬಂದಿದ್ದಳು. ಅವ್ವ ತೀರಿದ ಮೇಲೆ ನನಗೆ ಉಣ್ಣಿಸಿ ಬೆಳೆಸಿದವಳು ಅವಳೇ. ಕೊಟ್ಟದ್ದು ಕಮಲಾಪುರಕ್ಕೆ. ಬಹಳ ವರ್ಷ ಮಕ್ಕಳಾಗದೆ, ಕಡೆಗೆ ಹುಟ್ಟಿದ ಒಬ್ಬಳೇ ಮಗಳು. ಆರು ವರ್ಷದ ಆ ಹುಡುಗಿ ಬಂದ ದಿನದಿಂದ ಫಟಫಟಿಯ ಮೇಲಿಂದ ಇಳಿಯಲೇ ಇಲ್ಲ. ಬಾಯಲ್ಲೇ ಗಾಡಿ ಓಡಿಸಿ ಓಡಿಸಿ ಗಂಟಲು ಹರಿದುಕೊಳ್ಳುತ್ತಿದ್ದಳು.

ನವಮಿಯ ದಿನ ಖಂಡೆ ಪೂಜೆ. ಮನೆಗೆ ಅನ್ನ ಹಾಕುವ ಸಾಮಾನೆಲ್ಲ ತೊಳೆದು ಪೂಜಿಸುವುದು ನಮ್ಮಲ್ಲಿ ಪದ್ಧತಿ. ಕುರುಪಿ, ಕೊಡಲಿ, ನಟ್ಟು ಬಿಚ್ಚುವ ನನ್ನ ಪಾನಾಗಳು ಎಲ್ಲ ಸಾಲಾಗಿ ಕೂತವು; ಅವುಗಳ ಪಕ್ಕ ಫಟಫಟಿ. ಅಕ್ಕ ಅದರ ಸುತ್ತ ಒಂದು ಸುತ್ತು ಬಂದು ನಿಂತಳು.

"ಇದರ ತಲಿ ಯಾವುದೋ ತಮ್ಮಾ?"

"ಎಲ್ಲಾಕಿಂತ ಮ್ಯಾಲ ಇರೋದೇ ತಲಿ, ಅಕ್ಕಾ," ಎಂದು ನಕ್ಕೆ. ಮುಚ್ಚಳ ತೋರಿಸಿದೆ.

ಅವಳು ಗಾಡಿಯ ದೀಪಕ್ಕೆ ವಿಭೂತಿ ಎಳೆದು, ಗಾಲಿಗೆ ಕುಂಕುಮ ಹಚ್ಚಿದಳು. ಮುಚ್ಚಳದ ಮೇಲೆ ಚೆಂಡುಹೂವು ಇಟ್ಟರೆ ಜಾರಿ ಜಾರಿ ಬೀಳುತ್ತಿತ್ತು. ಒಳಗೆ ಹೋಗಿ ಹೋಳಿಗೆಗೆ ಕಲಸಿದ್ದ ಕಣಕದಲ್ಲಿ ಒಂದು ಚೂರು ತಂದು, ಹೆಬ್ಬೆರಳಿನಿಂದ ಮುಚ್ಚಳಕ್ಕೆ ಒತ್ತಿ, ಅದರಲ್ಲಿ ಹೂವು ನಾಟಿದಳು. ಆಮೇಲೆ ಕೈ ಮುಗಿದು, "ನನ್ನ ತಮ್ಮನ್ನ ಎಲ್ಲೂ ಕೆಡವಬ್ಯಾಡಪ್ಪ," ಅಂದಳು. ನಾವೆಲ್ಲ ನಕ್ಕೆವು.

ಮರುದಿನ ಬನ್ನಿ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಕಮಲಾಪುರಕ್ಕೆ ಹೋದರು. ಹುಡುಗಿಯ ಮೈ ತುಸು ಬೆಚ್ಚಗಿತ್ತು. ಹೋಳಿಗೆ ಹೆಚ್ಚಾಗಿದೆ ಅಂದುಕೊಂಡೆವು.

ಹಬ್ಬಕ್ಕೆ ಗಂಜ್ ಬಂದ್ ಇದ್ದುದರಿಂದ ಗಾಡಿ ನಿಂತಲ್ಲೇ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಕಮಲಾಪುರದ ಬಸ್ಸಿನ ಡ್ರೈವರ್ ಅಕ್ಕನ ಗಂಡನ ಚೀಟಿ ತಂದುಕೊಟ್ಟ. ಹುಡುಗಿಗೆ ಗಂಟಲಲ್ಲಿ ಬಿಳಿ ಪೊರೆ ಕಟ್ಟಿದೆ, ಉಸಿರು ಎಳೆಯಲಾಗುತ್ತಿಲ್ಲ. ಇಲ್ಲಿಯ ಕಂಪೌಂಡರ್ ಹತ್ತಿರ ಅದರ ಇಂಜೆಕ್ಷನ್ ಇಲ್ಲ, ಕಲಬುರ್ಗಿಯಿಂದ ತಾ ಎಂದು ಬರೆದಿತ್ತು. ದವಾಖಾನೆಗೆ ಓಡಿದೆ. ಡಾಕ್ಟರರು ಎರಡು ಸೀಸೆಗಳನ್ನು ಅರಳೆಯಲ್ಲಿ ಸುತ್ತಿ ಕೈಗಿಟ್ಟರು.

"ಮಧ್ಯಾಹ್ನದೊಳಗ ಚುಚ್ಚಿದ್ರ ಉಳೀತದ. ತಡಾ ಮಾಡಬ್ಯಾಡ."

ತಡವಾಗುವ ಮಾತೇ ಇರಲಿಲ್ಲ. ಇಪ್ಪತ್ತೆರಡು ಮೈಲು ಹಾದಿ, ಆಗಿನ್ನೂ ಬೆಳಗಿನ ಒಂಬತ್ತು ಗಂಟೆ. ಸಾಹುಕಾರರು ಮಾತು ಮುಗಿಯುವ ಮೊದಲೇ ಹೋಗು ಅಂದರು. ಒಣಗಿದ ಹೂವು ಕಿತ್ತೆಸೆದು, ಮುಚ್ಚಳದ ಮೇಲೆ ಬಟ್ಟೆ ಆಡಿಸಿ ಹೊರಟೆ.

ಊರು ದಾಟಿ ಸ್ವಲ್ಪ ದೂರ ಹೋದೊಡನೆ ಎಂಜಿನ್ ಕೆಮ್ಮಿ ನಿಂತಿತು. ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲ್ ತುಂಬಿತ್ತು. ಮುಚ್ಚಳ ಹಾಕಿ, ಪ್ಲಗ್ ಬಿಚ್ಚಿ ಮಸಿ ಉಜ್ಜಿ ಕೂಡಿಸಿದೆ. ಒಂದೇ ಒದೆತಕ್ಕೆ ಶುರುವಾಯಿತು. ಪ್ಲಗ್ಗಿನದೇ ದೋಷ ಎಂದು ಮುಂದೆ ಹೋದೆ. ಮೂರು ಮೈಲಿಗೆ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದು ನೋಡಿ ಹಾಕಿದೆ; ಕಾರ್ಬುರೇಟರ್ ಬಿಚ್ಚಿ ಊದಿದೆ. ಶುರುವಾಯಿತು. ಹಾಗಾದರೆ ಕಸ ಸಿಕ್ಕಿತ್ತು ಅಂದುಕೊಂಡೆ. ಮೂರನೆಯ ಸಲವೂ ಮುಚ್ಚಳ ತೆಗೆದು ನೋಡಿ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಬಿಚ್ಚಿದೆ. ಪ್ರತಿ ಸಲವೂ ನಾನು ಏನೋ ಸರಿಮಾಡುತ್ತಿದ್ದೆ, ಗಾಡಿ ಓಡುತ್ತಿತ್ತು. ಅದೇ ನನ್ನನ್ನು ಹಾಳುಮಾಡಿತು. ಏನು ಬಿಚ್ಚಿದರೂ ಓಡದೇ ಹೋಗಿದ್ದರೆ ಅದನ್ನು ಅಲ್ಲೇ ಕೆಡವಿ ಬೇರೆ ದಾರಿ ನೋಡುತ್ತಿದ್ದೆ.

ಮಹಾಗಾಂವದ ಹತ್ತಿರ ಮತ್ತೆ ನಿಂತಾಗ ಹೊತ್ತು ನೆತ್ತಿಗೇರಲಿಕ್ಕೆ ಬಂದಿತ್ತು. ಹೊಲದಿಂದ ಒಬ್ಬ ರೈತ ಬಂದು ನಿಂತ. ಏನಾಯಿತು ಎಂದು ಕೇಳಿದ, ಸೀಸೆಗಳ ಗಂಟು ತೋರಿಸಿ ಹೇಳಿದೆ.

"ಕೂಸಿನ ಜೀವದ ಮಾತು ಅದರೀ. ನಮ್ಮ ಕುದುರಿ ಇಲ್ಲೇ ಕಟ್ಟೀನಿ. ಹತ್ರಿ, ತಾಸಿನೊಳಗ ಮುಟ್ತೀರಿ. ಗಾಡಿ ನಾ ನೋಡ್ಕೋತ ಕುಂದರತೀನಿ."

ಆಗ ಪೆಟ್ರೋಲ್ ಇಳಿಯುವ ಕೊಳವೆ ನನ್ನ ಕೈಯಲ್ಲಿತ್ತು. ಅದರಲ್ಲಿ ಒಂದು ಕಸದ ಎಳೆ ಕಂಡಿತ್ತು.

"ಬ್ಯಾಡ್ರಿ. ದೋಷ ಈಗ ಸಿಕ್ಕದ. ಇನ್ನ ನಿಲ್ಲಂಗಿಲ್ಲ," ಅಂದೆ.

"ನೋಡ್ರಿ ಮತ್ತ," ಅಂದ. ಕುದುರೆ ತಂದು ಹಾದಿಯ ಮೇಲೆ ನಿಲ್ಲಿಸಿಯೂ ಬಿಟ್ಟಿದ್ದ. ನಾನು ಕೊಳವೆ ಕೂಡಿಸಿ ಒದ್ದೆ, ಗಾಡಿ ಶುರುವಾಯಿತು. ಗೆದ್ದವನಂತೆ ಅವನ ಕಡೆ ನೋಡಿ ಹೊರಟೆ. ಆ ನೋಟಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮುಂದೆ ಇನ್ನೂ ಮೂರು ಸಲ ನಿಂತಿತು. ಕಮಲಾಪುರ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಕಂಪೌಂಡರ್ ಸೂಜಿ ಕುದಿಸಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕೈ ಚಾಚಲಿಲ್ಲ. ಹುಡುಗಿ ಹೋಗಿ ಅರ್ಧ ತಾಸಾಗಿತ್ತು. ಅಕ್ಕ ನನ್ನ ಕೈಯಲ್ಲಿದ್ದ ಅರಳೆಯ ಗಂಟನ್ನು ನೋಡಿದಳು.

"ಫಟಫಟಿ ಸಪ್ಪಳಾ ಕೇಳಿಸ್ತು ಅವ್ವಾ, ಮಾಮ ಬಂದ ಅಂತಿತ್ತೋ ಕೂಸು. ಎಲ್ಲಿ ಕುಂತಿದ್ದ್ಯೋ ಇಷ್ಟೊತ್ತು?"

ಮಣ್ಣು ಮಾಡಿ ಬಂದ ಮೇಲೆ ನಾನು ಗಾಡಿಯನ್ನು ಪೂರಾ ಬಿಚ್ಚಿ ಹಾಕಿದೆ. ಒಂದೂ ದೋಷ ಸಿಗಲಿಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದರು ಬಂದು ಕೂತರು. ಎಂಜಿನ್ ಕಡೆ ನೋಡಲೂ ಇಲ್ಲ. ಮುಚ್ಚಳ ತಿರುವಿ ಬೆಳಕಿಗೆ ಹಿಡಿದರು.

"ಅರೇ ಬೇಟಾ, ಹವಾ ಹೋಗೋ ಸುರಾಖ್, ಈ ತೂತೇ ಬಂದ್ ಅದ. ಎಣ್ಣಿ ಡಬ್ಬಿಗೆ ಒಂದೇ ತೂತ ಹೊಡದ್ರ ಎಣ್ಣಿ ಬೀಳ್ತದೇನು? ಎರಡನೇದು ಬೇಕಲ್ಲ, ಹವಾಕ್ಕ. ನೀ ಮುಚ್ಚಳಾ ತಗದಾಗೆಲ್ಲ ಹವಾ ಹೊಕ್ಕದ, ಗಾಡಿ ಓಡ್ಯದ. ಬಾಕಿ ನೀ ಮಾಡಿದ್ದೆಲ್ಲ ಬೇಕಾರ್."

ಎಣ್ಣೆಡಬ್ಬಿಗೆ ಎರಡು ತೂತು ಹೊಡೆಯಬೇಕೆಂದು ನಮ್ಮ ಓಣಿಯ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಉಸ್ತಾದರು ಸೂಜಿಯಿಂದ ಕೆದಕಿದಾಗ ತೂತಿನಿಂದ ಕಲ್ಲಿನಂತೆ ಒಣಗಿದ ಕಣಕದ ಒಂದು ಕಾಳು ಬಿತ್ತು, ಹಳದಿ ಎಸಳಿನ ಚೂರು ಅದಕ್ಕೆ ಅಂಟಿಕೊಂಡಿತ್ತು. ಇದೇನು ಎಂದು ಅವರು ಕೇಳಿದರು. ಗೊತ್ತಿಲ್ಲ ಅಂದೆ. ಹೊರಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡೆ.

ಅಕ್ಕ ಮತ್ತೆ ಗಾಜಿಪುರಕ್ಕೆ ಬರಲಿಲ್ಲ. ನಾನೇ ಹೋದರೆ ತಾಟು ಇಡುತ್ತಿದ್ದಳು, ಬಡಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ಊರಿನವರ ಮುಂದೆ, ಅವನಿಗೆ ಕೆಲಸ ಬರ್ತಿರಲಿಲ್ಲ, ಬರ್ತದಂತ ಮೆರೀತಿದ್ದ ಎಂದಿದ್ದು ನನ್ನ ಕಿವಿಗೂ ಬಿತ್ತು. ಒಮ್ಮೊಮ್ಮೆ ಸಿಟ್ಟು ನೆತ್ತಿಗೇರಿ, ಅವಳು ಒತ್ತಿದ ಕಣಕದ ಮಾತು ಹೇಳಿಬಿಡಲೇ ಅನ್ನಿಸುತ್ತಿತ್ತು. ಬಾಯಿ ಕಚ್ಚಿಕೊಂಡು ಉಂಡು ಬರುತ್ತಿದ್ದೆ.

ಹತ್ತು ವರ್ಷದ ಮೇಲೆ ಅವಳು ಹಾಸಿಗೆ ಹಿಡಿದಳು. ಹೇಳಿ ಕಳಿಸಿ ಕರೆಸಿಕೊಂಡಳು. ಎಲ್ಲರನ್ನೂ ಹೊರಗೆ ಕಳಿಸಿ, ನನ್ನ ಕೈ ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ತಮ್ಮಾ, ಖರೇ ಹೇಳು. ಅವತ್ತು ಏನಾಗಿತ್ತು? ನಿನ್ನ ಕೈಯಾಗ ಇರಲಾರದ್ದು ಏನರ ಆಗಿತ್ತಂದ್ರ ಹೇಳು. ನಾ ಸುಮ್ಮ ನಿನಗ ಸಿಟ್ಟಾಗಿನೇನೋ ಅಂತ ಸಂಕಟ ಆಗಾಕತ್ತದ."

ಅವಳು ನನ್ನನ್ನು ಬಿಟ್ಟುಬಿಡಲಿಕ್ಕೆ ಒಂದು ಕಾರಣ ಕೇಳುತ್ತಿದ್ದಳು. ಆ ಕಾರಣ ನನ್ನ ಹತ್ತಿರ ಇತ್ತು. ಕೊಟ್ಟರೆ ನಾನು ಉಳಿಯುತ್ತಿದ್ದೆ.

"ಮಹಾಗಾಂವದಾಗ ಒಬ್ಬರು ಕುದುರಿ ಕೊಡಾಕ ಬಂದಿದ್ರು ಅಕ್ಕಾ. ಹತ್ತಿದ್ರ ಹೊತ್ತಿಗೆ ಮುಟ್ತಿದ್ದೆ. ನಾ ಬ್ಯಾಡ ಅಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈಯನ್ನು ಎದೆಯ ಮೇಲಿಂದ ತೆಗೆದು, ಹಾಸಿಗೆಯ ಹೊರಗೆ ಇಟ್ಟಳು.