ಕಾರ್ತಹೇನದ ಜಡೆ

ಮೊನ್ನೆ ಆಫೀಸಿಗೆ ಹೋಗುವ ಟ್ರೇನಿನಲ್ಲಿ ಎದುರು ಸೀಟಿನ ಹುಡುಗಿಯ ತಲೆಯನ್ನೇ ನೋಡುತ್ತ ಕೂತಿದ್ದೆ. ನೆತ್ತಿಗಂಟಿದಂತೆ ಹೆಣೆದ ಸಣ್ಣ ಸಣ್ಣ ಜಡೆಗಳು, ಉತ್ತ ಹೊಲದ ಸಾಲಿನ ಹಾಗೆ. ತಪ್ಪು ತಿಳಿಯಬೇಡಿ. ಈ ವಯಸ್ಸಿನಲ್ಲಿ ನಾನು ಜಡೆ ನೋಡುವುದು ಅದು ಯಾವ ಊರಿಗೆ ಹೋಗುತ್ತದೆ ಎಂದು ತಿಳಿಯಲು.

ಇದು ಶುರುವಾದದ್ದು ವರ್ಷಗಳ ಹಿಂದೆ, ಈ ಪರದೇಶದಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆದು ದಿನಕ್ಕೊಬ್ಬರ ಕೆಲಸ ಹೋಗುತ್ತಿದ್ದ ಕಾಲದಲ್ಲಿ. ನನಗೆ ಎಲ್ಲದರ ಮೇಲೂ ಗುಮಾನಿ: ನಗುವ ಮ್ಯಾನೇಜರಿನ ಮೇಲೆ, ನಗದ ಮ್ಯಾನೇಜರಿನ ಮೇಲೆ, ಸದ್ದು ಮಾಡದ ಫೋನಿನ ಮೇಲೆ. ಹೆಂಡತಿ ಸುಮಾಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ನಾಲ್ಕು ವರ್ಷದ ಮಗಳು ಮಿಂಚುವನ್ನು ಮಾರ್ತಾ ಎಂಬಾಕೆ ಮನೆಯಲ್ಲೇ ನಡೆಸುತ್ತಿದ್ದ ಡೇಕೇರಿಗೆ ಸೇರಿಸಿದ್ದೆವು. ಊರು ಯಾವುದೆಂದರೆ ಆಕೆ ‘ಕಾರ್ತಹೇನ ದೆ ಇಂಡಿಯಾಸ್’ ಎಂದಳು. ನನಗೆ ಅಷ್ಟು ಸಾಕಾಯಿತು.

“ನಮ್ಮೋರ ಥರ ಇಲ್ಲ, ಇಂಡಿಯಾ ಅಂತಾಳೆ. ಏನೋ ಸುಳ್ಳು ಕಣೆ.”

“ರೀ, ಅದು ಕೊಲಂಬಿಯಾದ ಊರಂತೆ. ಸ್ಪೇನಿನೋರು ಇಂಡಿಯಾ ಹುಡುಕ್ಕೊಂಡು ಬಂದು ಇಟ್ಟ ಹೆಸರು. ದಾರಿ ತಪ್ಪಿದ್ದು ಅವರು, ಅವಳಲ್ಲ,” ಎಂದಳು ಸುಮಾ.

ಎರಡನೇ ವಾರದಿಂದ ಮಿಂಚು ದಿನವೂ ಒಂದೇ ಬಗೆಯ ಜಡೆ ಹಾಕಿಸಿಕೊಂಡು ಬರತೊಡಗಿದಳು. ಕಿವಿಯ ಮೇಲೆ ನೇರ ಸಾಲು, ನೆತ್ತಿಯಲ್ಲಿ ಎರಡು ತಿರುವು, ಕೊನೆಗೊಂದು ಗಂಟು. ಇದೇನು ಗುರುತು? ಹೇನು ಮುಚ್ಚಿಟ್ಟಿದ್ದಾಳೆಯೆ? ಕಾಗದದ ಮೇಲೆ ಬರೆದು ತಲೆಕೆಳಗು ಮಾಡಿಯೂ ನೋಡಿದೆ. ಕಡೆಗೆ ದಿನಾ ಸಂಜೆ ಬಿಚ್ಚಿ, ಎಣ್ಣೆ ಹಚ್ಚಿ, ನಮ್ಮ ಎರಡು ಜಡೆ ಹಾಕತೊಡಗಿದೆ. ಮಗು ಕಿರುಚುತ್ತಿತ್ತು: “ನೋ ಅಪ್ಪ! ದಟ್ಸ್ ದ ವೇ!”

“ಯಾವ ವೇ? ಎಲ್ಲಿಗೆ ಕರ್ಕೊಂಡು ಹೋಗ್ತಾಳಂತೆ?” ಎಂದು ನಾನು ಬೆವತೆ. ಮಗುವನ್ನು ಬಿಡಿಸಿಬಿಡೋಣ ಎಂದೆ. “ಬಿಡಿಸಿ. ಜೊತೆಗೆ ನನ್ನ ಕೆಲಸಾನೂ ಬಿಡ್ಸಿ,” ಎಂದಳು ಸುಮಾ.

ಮರುದಿನ ಅರ್ಧ ರಜೆ ಹಾಕಿ ಮಾರ್ತಾಳನ್ನು ವಿಚಾರಿಸಲು ಹೋದೆ. ಅವಳ ಮುರುಕು ಇಂಗ್ಲಿಷು ನನ್ನ ಮುರುಕು ಇಂಗ್ಲಿಷಿಗೆ ತಿಳಿಸಿದ್ದಿಷ್ಟು. ಅವಳ ಊರು ಕಡಲಿಗೆ ಮುಖ ಮಾಡಿದ ಕೋಟೆಯ ಊರು. ಕಡಲ್ಗಳ್ಳರ ಭಯಕ್ಕೆ ಸ್ಪೇನಿನವರು ಕಟ್ಟಿಸಿದ ಗೋಡೆಗೆ ಕಲ್ಲು ಹೊತ್ತವರಲ್ಲಿ ಆಫ್ರಿಕಾದಿಂದ ತಂದು ಮಾರಿದ ಜನವೂ ಇದ್ದರು. ತಪ್ಪಿಸಿಕೊಂಡವರು ಕಾಡಿನಲ್ಲಿ ತಮ್ಮದೇ ಹಳ್ಳಿ ಕಟ್ಟಿಕೊಂಡರು. ಅಲ್ಲಿಗೆ ಹೋಗುವ ದಾರಿಯನ್ನು ಹೆಂಗಸರು ಜಡೆಯಲ್ಲಿ ಹೆಣೆದಿಡುತ್ತಿದ್ದರೆಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ.

“ಕಾವಲಿನೋರು ದಿನಾ ನೋಡ್ತಿದ್ರು, ಯಾರೂ ಬಿಚ್ಚಲಿಲ್ಲ,” ಎಂದು ಮಾರ್ತಾ ನನ್ನ ಕೈಗಳನ್ನು ನೋಡಿದಳು. “ನೀವು ಬಿಚ್ಚಿದ್ರಿ, ಮಿಸ್ಟರ್.”

“ಇವಳದು ಎಲ್ಲಿಗೆ ಹೋಗೋ ದಾರಿ?”

“ನಿಮ್ಮ ಅಪಾರ್ಟ್‌ಮೆಂಟಿಗೆ. ಫ್ರೀವೇ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ನೀವು ತಡ ಮಾಡ್ತೀರಿ. ಅಪ್ಪ ಬರಲ್ಲ ಅಂತ ಅಳ್ತಾಳೆ. ರೈಲು ಹಳಿ, ಎರಡು ಲೆಫ್ಟು, ಮನೆ. ಬೆರಳಾಡಿಸ್ಕೊಂಡು ಕಾಯ್ತಾಳೆ.”

ಬಿಡಿಸುವ ಮಾತನ್ನು ನುಂಗಿಕೊಂಡೆ. ಆ ಸಂಜೆ ಮಿಂಚು ಹಿಂದಿನ ಸೀಟಿನಲ್ಲಿ ತಲೆ ಸವರಿಕೊಳ್ಳುತ್ತ “ನೌ ಲೆಫ್ಟ್, ಅಪ್ಪ” ಎಂದ ಮೇಲೆಯೇ ಸ್ಟಿಯರಿಂಗ್ ತಿರುಗಿಸಿದೆ.

ಈಗ ಕಾರು ಓಡಿಸುವವಳು ಅವಳು. ಪಕ್ಕದಲ್ಲಿ ಕೂತ ನನಗೆ ಪ್ರತಿ ಎಕ್ಸಿಟ್ಟಿನ ಮೇಲೂ ಗುಮಾನಿ. ಕೈಗಳನ್ನು ಮಾತ್ರ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿರುತ್ತೇನೆ.