ಓದದೆ ಬಿಟ್ಟ ಎರಡು ಹಾಳೆ

ನಮ್ಮ ಪಕ್ಕದ ಮನೆಯ ಕಾಕುಗೆ ದೆವ್ವದ ಕಥೆಯೆಂದರೆ ಪ್ರಾಣ, ಆದರೆ ಕನ್ನಡ ಅಕ್ಷರ ಬರುವುದಿಲ್ಲ. ಮಾತಾಡುವುದು, ಬೈಯುವುದು, ಹಾಡುವುದು ಎಲ್ಲ ಕನ್ನಡದಲ್ಲಿ. ಓದು ಬರಹ ಮಾತ್ರ ಮರಾಠಿಯಲ್ಲಿ. ಅವರ ತವರಿನಲ್ಲಿ ಇದ್ದದ್ದು ಮರಾಠಿ ಶಾಲೆ ಒಂದೇ. ಏಳನೆಯ ಇಯತ್ತೆಯವರೆಗೆ ಅಲ್ಲಿ ಓದಿದರು. ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ದರಿಬಡಚಿಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಬಸ್ಸಿನ ಬೋರ್ಡು, ಹೊಲದ ಉತಾರದ ಪತ್ರ, ರೇಷನ್ ಕಾರ್ಡು ಎಲ್ಲ ಮರಾಠಿಯಲ್ಲಿರುವಾಗ ಕನ್ನಡ ಓದಲು ಬಾರದೆ ಇಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಕಾಕುವಿನ ಒಂದು ಕೆಲಸ ಮಾತ್ರ ನಿಂತಿತ್ತು. ಅದನ್ನು ನಾನು ವಹಿಸಿಕೊಂಡೆ.

ನಾನು ಇಲ್ಲಿ ಕನ್ನಡ ಶಾಲೆಯ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ಕಾಕುವಿನ ಮನೆಗೆ ತಾಗಿದ ಖೋಲಿಯಲ್ಲಿ ಬಾಡಿಗೆಗಿದ್ದೇನೆ. ಕಾಕುವಿನ ಗಂಡ ವರ್ಷದಲ್ಲಿ ಏಳೆಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುವವರು. ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ನಾನು ಓದುತ್ತಿದ್ದೆ, ಕಾಕು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿಕೊಂಡು ಕೌದಿ ಹೊಲೆಯುತ್ತಿದ್ದರು.

ನಾವು ಓದುತ್ತಿದ್ದದ್ದು ಒಬ್ಬರೇ ಲೇಖಕರನ್ನು. ಅವರ ಪುಸ್ತಕದ ಮೊದಲರ್ಧದಲ್ಲಿ ದೆವ್ವ ಬರುತ್ತದೆ, ಉಳಿದರ್ಧದಲ್ಲಿ ಪೊಲೀಸರು ಬರುತ್ತಾರೆ. ಕೊನೆಯ ಪುಟಕ್ಕೆ ಬಂದರೂ ದೆವ್ವ ಪೂರ್ತಿ ಸುಳ್ಳಾಗುವುದಿಲ್ಲ. ಇದು ದೆವ್ವದ ಕಥೆಯೋ ಪತ್ತೇದಾರಿಯೋ ಎಂಬುದೇ ಅಭಿಮಾನಿಗಳ ನಿತ್ಯದ ಜಗಳ. ಫೋನಿನಲ್ಲಿ ನಮ್ಮದೊಂದು ಗುಂಪಿದೆ. ದಾವಣಗೆರೆಯ ಔಷಧಿ ಅಂಗಡಿಯವರೊಬ್ಬರು ಪೊಲೀಸ್ ಪಕ್ಷದ ಮುಖಂಡರು. ದೆವ್ವದ ಪಕ್ಷಕ್ಕೆ ಮುಖಂಡರಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಹೊಸ ಪುಸ್ತಕ ಬಂದರೆ ಹದಿನೈದು ದಿನ ಕೊಲೆಗಾರನ ಸುದ್ದಿ ಎತ್ತಬಾರದೆಂದು ನಿಯಮ. ಬರಹದಲ್ಲಿ ಬಂದದ್ದನ್ನು ನಾನು ಓದಿ ಹೇಳುತ್ತಿದ್ದೆ. ದನಿಯಲ್ಲಿ ಬಂದದ್ದನ್ನು ಕಾಕು ತಾವೇ ಕೇಳಿ, ದಾವಣಗೆರೆಯವರಿಗೆ ನೇರವಾಗಿ ಉತ್ತರ ಕೊಡುತ್ತಿದ್ದರು. ಆ ಉತ್ತರ ಅವರಿಗೆ ತಲುಪುತ್ತಿರಲಿಲ್ಲ, ದನಿ ಕಳಿಸುವ ಗುಂಡಿಯನ್ನು ನಾನು ಒತ್ತುತ್ತಲೇ ಇರಲಿಲ್ಲ.

"ಮರಾಠಿಯೊಳಗೂ ದೆವ್ವದ ಪುಸ್ತಕ ಇರ್ತಾವಲ್ರಿ ಕಾಕು, ಅವನ್ನ ನೀವ ಓದಬಹುದಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಓದೀನ್ರಿ. ಅಂಜಿಕಿನ ಬರೂದಿಲ್ಲ. ನಮ್ಮ ಹಳ್ಳದಾಗಿನ ದೆವ್ವ ಮರಾಠಿ ಯಾಕ ಮಾತಾಡ್ತಾವ್ರಿ?"

ಕಳೆದ ವರ್ಷ ಬಂದ ಪುಸ್ತಕಕ್ಕಾಗಿ, ಅದು ಬರುವ ಸುದ್ದಿ ಕೇಳಿದಂದಿನಿಂದ ಕಾಕು ಎರಡು ತಿಂಗಳು ಕಾದಿದ್ದರು. ವಿಜಯಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಅದು ಸಿಕ್ಕಿತು. ಬರುವಾಗ ಬಸ್ಸಿನಲ್ಲೇ ಅರ್ಧ ಓದಿದೆ. ಕಾಕುಗೆ ಓದುವ ಮುಂಚೆ ಒಂದು ಸಲ ನಾನು ಓದಿಕೊಳ್ಳುವುದು ವಾಡಿಕೆ, ಎಲ್ಲಿ ದನಿ ತಗ್ಗಿಸಬೇಕು ಎಂದು ಗೊತ್ತಿರಬೇಕಲ್ಲ. ಆ ಸಲ ಮಾತ್ರ ಓದಿಕೊಂಡದ್ದು ಬೇರೆ ಉಪಯೋಗಕ್ಕೆ ಬಂತು.

ಕಥೆ ಕಬ್ಬು ಕಡಿಯುವ ಟೋಳಿಯದು. ಗಂಡನ ಜೊತೆ ಟೋಳಿಯಲ್ಲಿ ಹೋದ ಹೆಂಗಸೊಬ್ಬಳು ಸಾಯುತ್ತಾಳೆ. ಹಾವು ಕಡಿಯಿತು ಎನ್ನುತ್ತಾನೆ ಗಂಡ. ಮುಂದಿನ ಹಂಗಾಮಿನಲ್ಲಿ ಅವಳು ಕಬ್ಬಿನ ಸಾಲುಗಳ ನಡುವೆ ಕಾಣಿಸಿಕೊಳ್ಳತೊಡಗುತ್ತಾಳೆ. ಅಲ್ಲಿಗೆ ಮೊದಲರ್ಧ ಮುಗಿಯುತ್ತದೆ.

ಇಪ್ಪತ್ತು ವರ್ಷದ ಹಿಂದೆ ಕಾಕುವಿನ ತಂಗಿ ಹೀಗೇ ಗಂಡನ ಜೊತೆ ಕಬ್ಬಿಗೆ ಹೋದವಳು ಹೆಣವಾಗಿ ಬಂದಿದ್ದಳು. ಹಾವು ಕಡಿಯಿತು ಎಂದು ಅವನೂ ಹೇಳಿದ. ಹೊರಡುವ ಮುಂಚೆ ಗಂಡ ಹೆಂಡತಿಗೆ ದೊಡ್ಡ ಜಗಳವಾದದ್ದನ್ನು ಓಣಿಯೆಲ್ಲ ಕೇಳಿತ್ತು. ಕೇಸಾಗಲಿಲ್ಲ. ಎರಡು ವರ್ಷದ ಮಗಳನ್ನು ಅವನೇ ತನ್ನ ಊರಾದ ತಿಕೋಂಡಿಯಲ್ಲಿ ಸಾಕಿದ. ಕಾಕು ಆ ಮನೆಗೆ ಹೋಗಲಿಲ್ಲ, ಬೀಗರ ಮನೆಯ ಕಾರ್ಯಗಳಲ್ಲಿ ಎದುರಾದರೆ ಅವನ ಕೈಯ ನೀರು ಮುಟ್ಟಲಿಲ್ಲ. ಇಷ್ಟು ನನಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಆದರೂ ದೆವ್ವದ ಭಾಗವನ್ನು ಹೇಗೋ ಓದಿ ಮುಗಿಸಿದೆ. ಕಾಕು ಸೂಜಿ ಆಡಿಸದೆ ಕೇಳಿದರು.

ಉಳಿದರ್ಧದಲ್ಲಿ ಕೊಲೆ ಬಯಲಾಗುವ ಎರಡು ಹಾಳೆಗಳಿವೆ. ಪೊಲೀಸರ ಡಾಕ್ಟರು ಹೆಣದ ಕಾಲ ಮೇಲಿನ ಎರಡು ಗುರುತುಗಳ ನಡುವಿನ ಅಂತರ ಅಳೆಯುತ್ತಾರೆ. ಮೂರು ಬೆರಳು ಹಿಡಿಯುವಷ್ಟು ಅಂತರ. ಅಷ್ಟು ಅಗಲ ಬಾಯಿಯ ಹಾವು ಈ ಸೀಮೆಯಲ್ಲಿಲ್ಲ, ಹಾವಿನ ಎರಡು ಹಲ್ಲಿನ ಗುರುತು ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತದೆ ಎಂದು ಅವರು ಹೇಳುತ್ತಾರೆ. ಅನ್ನದಲ್ಲಿ ವಿಷ ಹಾಕಿ ಕೊಂದು, ಆಮೇಲೆ ಗೋಣಿ ಹೊಲೆಯುವ ದಬ್ಬಣದಿಂದ ಚುಚ್ಚಿದವನು ಗಂಡ.

ಇದನ್ನು ಕಾಕುಗೆ ಓದಿ ಹೇಳುವುದು ಹೇಗೆ? ಮಕ್ಕಳಿಗೆ ಪಾಠ ಮಾಡಿ ಮಾಡಿ ನಮಗೊಂದು ರೋಗ ಅಂಟಿಕೊಂಡಿರುತ್ತದೆ, ಯಾರಿಗೆ ಎಷ್ಟು ತಿಳಿಯಬೇಕು ಎಂಬುದನ್ನು ನಾವೇ ಗೊತ್ತು ಮಾಡುತ್ತೇವೆ. ನಾನು ಆ ಎರಡು ಹಾಳೆಗಳನ್ನು ಸದ್ದಿಲ್ಲದೆ ತಿರುವಿದೆ. ಹಾವೇ ಕಡಿಯಿತು, ದವಾಖಾನೆಗೆ ಒಯ್ಯಲು ಟೋಳಿಯ ಮೇಸ್ತ್ರಿಯಾದ ಮುಕಾದಮ ಬೇಕೆಂದೇ ತಡಮಾಡಿದ, ಅದೇ ಅಪರಾಧ ಎಂದು ಹೊಸ ಕಥೆ ಕಟ್ಟಿದೆ. ಮುಂದಿನ ಮೂರು ಅಧ್ಯಾಯಗಳಲ್ಲಿ 'ಗಂಡ' ಎಂದಿದ್ದ ಕಡೆಯೆಲ್ಲ 'ಮುಕಾದಮ' ಎಂದು ಓದುತ್ತ ಹೋದೆ. ಅವಸರದಲ್ಲಿ ಒಂದು ಕಡೆ ಮುಕಾದಮ ಸತ್ತವಳ ತವರಿಗೆ ಹೋಗಿ, ಕಾಲು ತೊಳೆದು ಊಟಕ್ಕೆ ಕೂತುಬಿಟ್ಟ.

"ಮುಕಾದಮಗ ಅಲ್ಲೇನ ಕೆಲಸರಿ?" ಎಂದರು ಕಾಕು.

"ಅಂವಗ ನಾಚಿಕಿ ಇಲ್ರಿ," ಎಂದೆ.

ಕಾಕು "ಹೌದೇನ್ರಿ" ಎಂದು ದಾರ ಕಚ್ಚಿ ಹರಿದರು. ಪಾರಾದೆ ಎಂದುಕೊಂಡೆ. ಗುಂಪಿನಲ್ಲಿ ಹದಿನೈದು ದಿನದ ನಿಯಮ ಮುಗಿದು ದಬ್ಬಣದ ಚರ್ಚೆ ಶುರುವಾದಾಗ, ಫೋನಿನ ದನಿ ಕೆಟ್ಟಿದೆ ಎಂದು ಹೇಳಿದೆ. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಾನು ನಿಲ್ಲಿಸಿ ಬೈಯುತ್ತೇನೆ. ಅದೂ ಅದೇ ವಾರ ನಡೆದಿತ್ತು.

ತಿಂಗಳ ಮೇಲೆ ತಿಕೋಂಡಿಯಿಂದ ಲಗ್ನಪತ್ರಿಕೆ ಬಂತು. ಕಾಕುವಿನ ತಂಗಿಯ ಮಗಳ ಮದುವೆ. ತಾಯಿ ಇಲ್ಲದ ಹುಡುಗಿ, ತಾಯಿಯ ಜಾಗದಲ್ಲಿ ನಿಲ್ಲಬೇಕಾದವರು ಕಾಕು ಒಬ್ಬರೇ. ಅವರು ಪತ್ರಿಕೆಯನ್ನು ಎರಡು ಸಲ ಓದಿ ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿದರು.

"ಹೋಗೂದಿಲ್ಲೇನ್ರಿ ಕಾಕು?"

"ನೋಡೂಣ್ರಿ. ಇನ್ನ ದಿನ ಅದಾವ."

ಆಮೇಲೆ ದಿನವೂ ಅಂಚೆಯವನು ಬರುವ ಹೊತ್ತಿಗೆ ಕಾಕು ಹೊಸ್ತಿಲಲ್ಲಿ ಇರುತ್ತಿದ್ದರು. ತಂಗಿಯ ಮಗಳ ಮದುವೆಯ ಚಿಂತೆ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ. ಮದುವೆಯ ದಿನ ಭಾನುವಾರ. ಅಕ್ಷತೆಯ ಹೊತ್ತಿಗೆ ಕಾಕು ಕೌದಿ ಹಾಸಿಕೊಂಡು ಕೂತಿದ್ದರು. ಯಾವುದಾದರೂ ಹಳೆಯ ಪುಸ್ತಕ ಓದಿರಿ ಎಂದರು. ಓದಿದೆ. ಅವರು ಆ ದಿನ ಒಂದು ಸಾಲನ್ನೂ ನೆಟ್ಟಗೆ ಹೊಲೆಯಲಿಲ್ಲ, ಬಿಚ್ಚಿ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಎಂಟು ದಿನ ಕಳೆದು ಶಾಲೆಯ ವಿಳಾಸಕ್ಕೆ ಒಂದು ದಪ್ಪ ಲಕೋಟೆ ಬಂತು. ಮೇಲೆ ಕನ್ನಡದಲ್ಲಿ 'ಕನ್ನಡ ಶಾಲೆ' ಎಂದಿದ್ದರಿಂದ ಒಡೆದೆ. ಒಳಗೆ ನಮ್ಮ ಲೇಖಕರ ಕೈಬರಹದ ನಾಲ್ಕು ಸಾಲು. ನಿಮ್ಮ ಅಭಿಮಾನಕ್ಕೆ ವಂದನೆ, ಆದರೆ ನನಗೆ ಮರಾಠಿ ಬಾರದು, ಅಂಚೆ ಮುದ್ರೆಯಲ್ಲಿನ ಊರಿನ ಹೆಸರು ನೋಡಿ ಅಲ್ಲಿಯ ಕನ್ನಡ ಶಾಲೆಗೆ ಕಳಿಸುತ್ತಿದ್ದೇನೆ, ದಯವಿಟ್ಟು ಕನ್ನಡದಲ್ಲಿ ಬರೆಸಿ ಕಳುಹಿಸಿದರೆ ಖಂಡಿತ ಉತ್ತರಿಸುವೆ. ಜೊತೆಗೆ ಮೂಲ ಪತ್ರವನ್ನೂ ಹಿಂತಿರುಗಿಸಿದ್ದರು. ನಾಲ್ಕು ಪುಟ, ಕಾಕುವಿನ ಅಕ್ಷರ. ಮೇಲೆ ಮರಾಠಿ ಶಾಲೆಯಲ್ಲಿ ಕಲಿಸಿದ ಒಕ್ಕಣೆ, ಕೊನೆಗೆ ಅದೇ ಶಾಲೆಯ ಮುಕ್ತಾಯ. ನಡುವಿನದೆಲ್ಲ ನಮ್ಮ ಊರಿನ ಕನ್ನಡ, ಮರಾಠಿ ಬರೆಯುವ ಬಾಳಬೋಧ ಲಿಪಿಯಲ್ಲಿ. ಮುನ್ನೂರು ಪುಟ ನಡೆದು ಕೊಲೆಗಾರನನ್ನು ಹಿಡಿಯುವ ಲೇಖಕರು ಈ ಪತ್ರವನ್ನು ಯಾರಿಂದಲಾದರೂ ಗಟ್ಟಿಯಾಗಿ ಓದಿಸಿದ್ದರೆ ಸಾಕಿತ್ತು, ಅದು ಕನ್ನಡವೆಂದು ಕಿವಿಗೆ ಗೊತ್ತಾಗುತ್ತಿತ್ತು. ನನಗೆ ನಗು ಬಂತು. ಶಾಲೆಯ ಕಟ್ಟೆಯ ಮೇಲೆ ಕೂತು ನಾನೇ ಗಟ್ಟಿಯಾಗಿ ಓದತೊಡಗಿದೆ.

ಎರಡನೆಯ ಪುಟಕ್ಕೆ ದನಿ ನಿಂತಿತು.

"ನನಗ ಓದಿ ಹೇಳೂ ಅಕ್ಕೋರು ಎರಡ ಹಾಳಿ ಬಿಟ್ಟಾರ್ರಿ. ಒಮ್ಮಿಗೆ ದಪ್ಪ ತಿರಿವಿದ್ದು ನಾ ಕಂಡೀನಿ. ಅವರ ಮ್ಯಾಲ ಸಿಟ್ಟಿಲ್ಲ, ನನಗ ಸಂಕಟ ಆಗ್ತೈತಿ ಅಂತ ಬಿಟ್ಟಾರ. ಊರಾಗ ಸಾಲಿ ಹುಡುಗರ ಕಡಿಂದ ಓದಿಸಿದ್ರ ಮಾತು ತಿಕೋಂಡಿಗಿ ಮುಟ್ಟತೈತಿ. ಅದಕ್ಕ ನಿಮಗ ಬರದೀನಿ. ನೀವು ದೆವ್ವದ್ದೂ ಬಲ್ಲವರು, ಪೊಲೀಸರದ್ದೂ ಬಲ್ಲವರು. ಹಾವು ಕಡಿದ ಗುರುತು ಹೆಂಗಿರ್ತೈತಿ, ಮನಷ್ಯಾ ಮಾಡಿದ ಗುರುತು ಹೆಂಗಿರ್ತೈತಿ, ಅಷ್ಟ ಬರೀರಿ. ನನ್ನ ತಂಗೀನ ತೊಳದಾಕಿ ನಾನ. ಆಕಿ ಕಾಲು ನಾ ನೋಡೀನಿ. ಆಕಿ ಮಗಳ ಲಗ್ನ ಐತಿ, ಅಂವನ ಅಂಗಳದಾಗ ನಾ ಕಾಲಿಡಬೇಕೋ ಬ್ಯಾಡೋ ತಿಳೀವಲ್ತು. ಲಗ್ನದೊಳಗ ಉತ್ತರ ಬರೀರಿ."

ಕೆಳಗೆ ಮದುವೆಯ ತಾರೀಖು ಬರೆದು, ಎರಡು ಗೆರೆ ಎಳೆದಿದ್ದರು.

ನನಗೆ ನಾಚಿಕೆಯಾಯಿತು. ಇದಕ್ಕಿಂತ ಮೆತ್ತಗಿನ ಪದ ಹುಡುಕುವುದಿಲ್ಲ. ಅವರು ದಿನವೂ ನನ್ನ ಎದುರೇ ಕೂತು, ಗೊತ್ತಿದ್ದೂ ಗೊತ್ತಿಲ್ಲದಂತೆ ಮುಕಾದಮನ ಕಥೆ ಕೇಳಿದ್ದರು. ನನಗೆ ನೋವಾಗಬಾರದೆಂದು ನನ್ನ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡಿದ್ದರು.

ಶಾಲೆ ಬಿಟ್ಟೊಡನೆ ಹೋಗಿ ಲಕೋಟೆಯನ್ನು ಅವರ ಮುಂದಿಟ್ಟೆ. ಕಾಕು ಲಕೋಟೆಯ ಮೇಲಿನ ಕನ್ನಡದ ಮೇಲೆ ಬೆರಳಾಡಿಸಿದರು. ಪುಸ್ತಕದ ಹಿಂಬದಿಯಲ್ಲಿದ್ದ ಲೇಖಕರ ವಿಳಾಸವನ್ನು ಅವರು ರಂಗೋಲಿಯಂತೆ ನೋಡಿ ನೋಡಿ ಬರೆದು ಕಳಿಸಿದ್ದರಂತೆ. ಮೂರು ಲಕೋಟೆ ಹಾಳಾಗಿ ನಾಲ್ಕನೆಯದು ಸರಿಬಂದಿತ್ತು.

"ಏನ ಬರದಾರ್ರಿ?"

"ಅವರಿಗೆ ಮರಾಠಿ ಬರೂದಿಲ್ಲಂತ್ರಿ."

"ನಾ ಎಲ್ಲಿ ಮರಾಠಿ ಬರದೇನ್ರಿ?"

"ಪುಸ್ತಕ ಕೊಡ್ರಿ ಕಾಕು. ನಾ ಓದ್ತೀನಿ."

ಆ ಎರಡು ಹಾಳೆಗಳನ್ನು ಓದಿದೆ. ದನಿ ತಗ್ಗಿಸಲಿಲ್ಲ, ಏರಿಸಲಿಲ್ಲ. ಹಾಜರಿ ಕೂಗುವಂತೆ ಓದಿದೆ. ಮೂರು ಬೆರಳಿನ ಮಾತು ಬಂದಾಗ ಕಾಕು ತಡೆದರು. ಮತ್ತೊಮ್ಮೆ ಓದಿಸಿದರು. ಹೆಬ್ಬೆರಳಿನ ಮಾತನ್ನು ಮೂರು ಸಲ ಓದಿಸಿದರು. ಆಮೇಲೆ ಸೀರೆಯನ್ನು ಸ್ವಲ್ಪ ಸರಿಸಿ, ತಮ್ಮ ಮೀನಖಂಡದ ಮೇಲೆ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದರು.

"ತಂಗಿ ಕಾಲಿಗಿ ಅರಿಷಿಣ ಹಚ್ಚೂ ಮುಂದ," ಎಂದರು, "ಎರಡೂ ಗುರುತು ಇದರ ಕೆಳಗ ಮುಚ್ಚಿದ್ದೂರಿ. ಇದೊಂದ ಬೆರಳಿನ ಕೆಳಗ."

ಇದು ಕಥೆಪುಸ್ತಕದ ಡಾಕ್ಟರ ಮಾತು, ನಿಜವಾದ ಡಾಕ್ಟರದ್ದಲ್ಲ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಿದೆ.

"ಗೊತ್ತೈತ್ರಿ. ನನಗ ಇಷ್ಟ ಸಾಕು."

ಆಮೇಲೆ ಅವರು ಅತ್ತರು. ಇಪ್ಪತ್ತು ವರ್ಷ ಹಾವಿನ ಕೆಲಸವನ್ನು ಮನುಷ್ಯನ ಲೆಕ್ಕಕ್ಕೆ ಹಾಕಿದೆನಲ್ಲ ಎಂದು ಅತ್ತರು. ಅಳು ನಿಂತ ಮೇಲೆ ಕನ್ನಡಿಯ ಹಿಂದಿನ ಲಗ್ನಪತ್ರಿಕೆ ತೆಗೆದು ನೋಡಿದರು.

"ಲಗ್ನಕ್ಕಿಂತ ಮೊದಲ ಓದಿದ್ರ ಅಕ್ಕೋರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಬಂದ ಭಾನುವಾರ ಇಬ್ಬರೂ ತಿಕೋಂಡಿಗೆ ಹೋದೆವು. ಸ್ವಲ್ಪ ದೂರ ಬಸ್ಸಿನಲ್ಲಿ, ಉಳಿದದ್ದು ಜೀಪಿನಲ್ಲಿ. ನಾನು ಹೋಗುವ ಅಗತ್ಯವಿರಲಿಲ್ಲ, ಕಾಕು ಕರೆಯಲೂ ಇಲ್ಲ. ಕಾಕು ಮಡಿಲಲ್ಲಿ ಹೊಸ ಕೌದಿ ಇಟ್ಟುಕೊಂಡಿದ್ದರು, ತಂಗಿಯ ಮಗಳಿಗೆ. ಆ ಹುಡುಗಿ ಗಂಡನ ಮನೆಗೆ ಹೋಗಿಯಾಗಿತ್ತು. ಅಂಗಳದಲ್ಲಿ ಮದುವೆಯ ಹಂದರ ಇನ್ನೂ ಬಿಚ್ಚಿರಲಿಲ್ಲ, ತೋರಣ ಒಣಗಿ ಸುರುಳಿಯಾಗಿತ್ತು. ತಂಗಿಯ ಗಂಡ ನಮ್ಮನ್ನು ನೋಡಿ ಎದ್ದು ನಿಂತ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದ. ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ತಂಬಿಗೆಯನ್ನು ಕಾಕುವಿನಿಂದ ಮಾರು ದೂರದಲ್ಲಿ, ಕಟ್ಟೆಯ ತುದಿಗೆ ಇಟ್ಟು ಹಿಂದೆ ಸರಿದ.

ಕಾಕು ಅದನ್ನು ಎತ್ತಿಕೊಳ್ಳಲಿಲ್ಲ. ಕೈ ಚಾಚಿ ನಿಂತರು.

"ಕೈಯಾಗ ಕೊಡ್ರಿ," ಎಂದರು.